ಮೆಟ್ಟುಗತ್ತಿಯ ಗಾಯ, ಮಡಚಿಕೊಂಡ ತೋರುಬೆರಳು: ಶಿರಸಿ ಸೀಮೆಯ ಒಂದು ಪ್ರಕರಣ

ರೋಗಿ 43 ವರ್ಷದ ಮಹಿಳೆ. ಶಿರಸಿ ತಾಲ್ಲೂಕಿನ ಹಳ್ಳಿಯವರು, ಬಲಗೈ ಬಳಕೆಯವರು. ಅಡಿಕೆ ಕೊಯ್ಲು ಶುರುವಾದರೆ ಊರಿನ ಮನೆಗಳಿಗೆ ಹಸಿ ಅಡಿಕೆ ಸುಲಿಯಲು ಹೋಗುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಡಿಸೆಂಬರಿನ ಒಂದು ರಾತ್ರಿ ಕಾಯಿ ಜಾರಿ, ಎಡಗೈ ತೋರುಬೆರಳು ಮೆಟ್ಟುಗತ್ತಿಯ (ಮಣೆಗೆ ಜಡಿದ, ಅಡಿಕೆ ಸುಲಿಯುವ ಕತ್ತಿಯ) ಮೊನೆಗೆ ಸಿಕ್ಕಿ ಸೀಳಿತು. (ರೋಗಿಯ ಗುರುತು ಸಿಗಬಾರದೆಂದು ಇದೇ ಬಗೆಯ ಹಲವರ ವಿವರಗಳನ್ನು ಬೆಸೆದು ಒಂದೇ ಪ್ರಕರಣವಾಗಿ ಬರೆಯಲಾಗಿದೆ.)

ಗಾಯ 4 ಸೆಂ.ಮೀ. ಉದ್ದ. ಬೆರಳಿನ ಅಂಗೈ ಬದಿಯಲ್ಲಿ, ಬುಡದ ಗೆರೆಯ ಬಳಿ ಶುರುವಾಗಿ ನಡುಗೆಣ್ಣಿನ ಗೆರೆಯನ್ನು ದಾಟಿ ಮೇಲಕ್ಕೆ ಹೋಗಿತ್ತು. ಸೀಳಿದ್ದು ಚರ್ಮ ಮತ್ತು ಅದರ ಕೆಳಗಿನ ಕೊಬ್ಬು ಮಾತ್ರ. ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ; ಮುಂದೆ ಬರೀ ರಜ್ಜು) ತುಂಡಾಗಿರಲಿಲ್ಲ, ನರ ಹೋಗಿರಲಿಲ್ಲ, ಮೂಳೆಗೆ ಏನೂ ಆಗಿರಲಿಲ್ಲ. ಹಾಗಾಗಿ ಮನೆಯವರೂ ರೋಗಿಯೂ ಇದನ್ನು ಸಣ್ಣ ಗಾಯವೆಂದೇ ಎಣಿಸಿದರು. ಆರು ವಾರ ಕಳೆಯುವಷ್ಟರಲ್ಲಿ ಆ ಬೆರಳು ನಡುಗೆಣ್ಣಿನಲ್ಲಿ 35 ಡಿಗ್ರಿ ಮಡಚಿಕೊಂಡು ನಿಂತಿತ್ತು. ಲೋಟ ಹಿಡಿಯಲು ಬೆರಳು ಅಗಲಿಸಲಾಗದು, ಹಿಟ್ಟು ನಾದುವಾಗ ಅಂಗೈ ಚಪ್ಪಟೆ ಇಡಲಾಗದು, ಅಡಿಕೆ ಸುಲಿಯುವ ಮಾತಂತೂ ದೂರ. ಕತ್ತಿ ಮುಟ್ಟದೆ ಬಿಟ್ಟಿದ್ದನ್ನೆಲ್ಲ ಕಲೆ ಕಟ್ಟಿಹಾಕಿತ್ತು. ಅದು ಹೇಗಾಯಿತು, ಬಿಡಿಸಿದ್ದು ಹೇಗೆ ಎನ್ನುವುದೇ ಈ ಬರಹದ ವಿಷಯ.

ಗೆಣ್ಣುಗಳ ಲೆಕ್ಕ ಮೊದಲೇ ಹೇಳಿಬಿಡುತ್ತೇವೆ: ಬುಡದ ಗೆಣ್ಣು ಎಂದರೆ ಬೆರಳು ಅಂಗೈಗೆ ಸೇರುವ ಕೀಲು, ನಡುಗೆಣ್ಣು ಅದರ ಮುಂದಿನದು, ತುದಿಗೆಣ್ಣು ಉಗುರಿನ ಹತ್ತಿರದ್ದು.

ನೇರ ಗೆರೆಯ ಅಪಾಯ

ಕೈ ಶಸ್ತ್ರಚಿಕಿತ್ಸೆ ಮಾಡುವವರು ಬೆರಳಿನ ಅಂಗೈ ಬದಿಯನ್ನು ತೆರೆಯಬೇಕಾದಾಗ ಎಂದೂ ನಡುಮಧ್ಯೆ ಉದ್ದಕ್ಕೆ ಕೊಯ್ಯುವುದಿಲ್ಲ. ಒಂದು ಮಡಿಕೆಗೆರೆಯ ಈ ಅಂಚಿನಿಂದ ಮುಂದಿನ ಮಡಿಕೆಗೆರೆಯ ಆ ಅಂಚಿಗೆ, ಅಂಕುಡೊಂಕಾಗಿ ಕೊಯ್ಯುತ್ತಾರೆ. ಇಲ್ಲವೇ ಬೆರಳಿನ ಪಕ್ಕದಿಂದ ಹೋಗುತ್ತಾರೆ. ಕಾರಣ ಇಷ್ಟೇ: ವಾಸಿಯಾಗುವ ಯಾವ ಗಾಯವೂ ತನ್ನ ಉದ್ದದ ದಿಕ್ಕಿನಲ್ಲಿ ಕುಗ್ಗುತ್ತದೆ. ಎಳೆಯ ಕಲೆಯಲ್ಲಿರುವ ಒಂದು ಬಗೆಯ ಜೀವಕೋಶಗಳು ಸ್ನಾಯುವಿನಂತೆಯೇ ಸಂಕುಚಿಸಿ, ಸುತ್ತಲಿನ ಅಂಗಾಂಶವನ್ನು ಎಳೆದುಕೊಳ್ಳುತ್ತವೆ. ಹೊಟ್ಟೆಯ ಮೇಲಿನ ಗಾಯ ಅರ್ಧ ಸೆಂಟಿಮೀಟರ್ ಕುಗ್ಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆರಳಿನ ಮಡಿಕೆಗೆರೆಯನ್ನು ಅಡ್ಡ ದಾಟಿದ ಕಲೆ ಅಷ್ಟೇ ಕುಗ್ಗಿದರೂ ಬಿಲ್ಲಿನ ಹೆದೆಯ ಹಾಗೆ ಬಿಗಿದು ಬೆರಳನ್ನು ಬಗ್ಗಿಸುತ್ತದೆ. ಜೊತೆಗೆ ಬೆರಳು ಮಡಚುವ ಸ್ನಾಯುಗಳಿಗೆ ಬಿಡಿಸುವ ಸ್ನಾಯುಗಳಿಗಿಂತ ಬಲ ಹೆಚ್ಚು. ನೋವಿದ್ದಾಗ ಬೆರಳನ್ನು ಅರೆಮಡಚಿ ಇಟ್ಟುಕೊಂಡರೆ ಹಾಯೆನಿಸುತ್ತದೆ. ಎಲ್ಲವೂ ಒಂದೇ ಕಡೆಗೆ ಎಳೆಯುತ್ತವೆ.

ಕತ್ತಿ ಅಂಕುಡೊಂಕಾಗಿ ಕೊಯ್ಯುವುದಿಲ್ಲ. ಆದ್ದರಿಂದ ಬೆರಳಿನ ಒಳಬದಿಯಲ್ಲಿ ಉದ್ದಕ್ಕೆ ಸೀಳಿದ ಗಾಯ ಕಂಡ ಕೂಡಲೇ, ಎಷ್ಟೇ ಚಿಕ್ಕದಿರಲಿ, ಇದು ಮುಂದೆ ಬೆರಳು ಮಡಚೀತು ಎಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು.

ಮೊದಲ ರಾತ್ರಿ

ಗಾಯದ ಮೇಲೆ ಮೊದಲು ಕಾಫಿ ಪುಡಿ ಹಾಕಿದರು. ರಕ್ತ ನಿಲ್ಲಲಿಲ್ಲವೆಂದು ಕವಳದ (ಎಲೆಯಡಿಕೆಯ) ತಟ್ಟೆಯಲ್ಲಿದ್ದ ಸುಣ್ಣ ಮೆತ್ತಿದರು, ಮೇಲೆ ಅರಿಶಿನ. ಹಳೆ ಪಂಚೆಯ ಪಟ್ಟಿಯಿಂದ ಬಿಗಿದು ಕಟ್ಟಿ ಬೆಳಗಿನ ತನಕ ಹಾಗೇ ಬಿಟ್ಟರು. ಕೈಯೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದರಿಂದ ಚರ್ಮದ ಬಣ್ಣ ನೋಡಿ ರಕ್ತಸಂಚಾರ ತಿಳಿಯುವುದೂ ಕಷ್ಟವಾಗಿತ್ತು.

ಇವುಗಳಲ್ಲಿ ಸುಣ್ಣದ ಹಾನಿಯೇ ದೊಡ್ಡದು. ಸುಣ್ಣ ಕ್ಷಾರ, ತೆರೆದ ಗಾಯದೊಳಗೆ ಬದುಕಿರುವ ಅಂಚನ್ನೂ ಸುಡುತ್ತದೆ, ನಿಧಾನಕ್ಕೆ ಒಳಕ್ಕೂ ಇಳಿಯುತ್ತದೆ. ಕಾಫಿ ಪುಡಿ, ಅರಿಶಿನದ ಕಣಗಳು ಗಾಯದೊಳಗೆ ಉಳಿದರೆ ಸೋಂಕಿಗೆ ಆಸರೆಯಾಗುತ್ತವೆ, ಕಲೆಯನ್ನು ದಪ್ಪಗೊಳಿಸುತ್ತವೆ. ಅಂಥ ಹೊತ್ತಿನಲ್ಲಿ ಬೇಕಾದ್ದು ಹೆಚ್ಚೇನಿಲ್ಲ. ಉಂಗುರ, ಬಳೆ ಮೊದಲು ತೆಗೆಯಬೇಕು, ಊತ ಬಂದ ಮೇಲೆ ಅವು ಬರುವುದಿಲ್ಲ. ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ 5ರಿಂದ 10 ನಿಮಿಷ ಹರಿಯಬಿಡಬೇಕು. ಶುಭ್ರ ಬಟ್ಟೆಯಿಟ್ಟು, ನಡುನಡುವೆ ತೆಗೆದು ನೋಡದೆ, 10 ನಿಮಿಷ ಒತ್ತಿ ಹಿಡಿಯಬೇಕು. ಕೈ ಎದೆಗಿಂತ ಮೇಲಿರಬೇಕು. ಬೆರಳಿನ ಬುಡಕ್ಕೆ ದಾರವನ್ನೋ ರಬ್ಬರನ್ನೋ ಬಿಗಿಯಬಾರದು.

ಹೊಲಿಗೆ ಬಿದ್ದದ್ದು ಸುಮಾರು 11 ಗಂಟೆಗಳ ಮೇಲೆ. ಕೈಗೆ ರಕ್ತ ಪೂರೈಕೆ ಚೆನ್ನಾಗಿರುವುದರಿಂದ ಇಷ್ಟು ತಡವಾದರೂ ಚೆನ್ನಾಗಿ ತೊಳೆದು ಹೊಲಿಯಬಹುದು. ತೊಳೆಯಲು ಗಾಯದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಮಿ.ಲೀ. ಸಲೈನ್ ಎಂಬುದು ರೂಢಿಯ ಲೆಕ್ಕ. ಇಲ್ಲಿ ಸುಣ್ಣ, ಪುಡಿ ಇದ್ದುದರಿಂದ 500 ಮಿ.ಲೀ. ಬಾಟಲಿ ಪೂರ್ತಿ ಬಳಸಲಾಯಿತು. 5-0 ಅಳತೆಯ ತೆಳು ನೈಲಾನ್ ದಾರದ 7 ಹೊಲಿಗೆ, ಧನುರ್ವಾತ ಮತ್ತು ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆ 0.5 ಮಿ.ಲೀ. ಕೊಳಕು ಗಾಯವಾದರೆ ಹಿಂದಿನ ಧನುರ್ವಾತದ ಲಸಿಕೆ ಹಾಕಿಸಿ 5 ವರ್ಷ ದಾಟಿದ್ದರೂ ಮತ್ತೆ ಬೇಕು.

ಒಂದು ವಿಷಯ ಒತ್ತಿ ಹೇಳಬೇಕಾದ್ದಿದೆ. ನರ, ಸ್ನಾಯುರಜ್ಜುಗಳ ಪರೀಕ್ಷೆ ಅರಿವಳಿಕೆಯ ಸೂಜಿ ಚುಚ್ಚುವ ಮೊದಲೇ ಆಗಬೇಕು. ಆಮೇಲೆ ಬೆರಳಿಗೆ ಸ್ಪರ್ಶವಿಲ್ಲದಿದ್ದರೆ ಅದು ಗಾಯದಿಂದಲೋ ಔಷಧದಿಂದಲೋ ಹೇಳುವವರಾರು? ಬೆರಳಿನ ಎರಡೂ ಪಕ್ಕದಲ್ಲಿ ಎರಡು ಮೊನೆಗಳನ್ನು 6 ಮಿ.ಮೀ. ಅಂತರದಲ್ಲಿ ಮುಟ್ಟಿಸಿದಾಗ ಎರಡೆಂದು ತಿಳಿದರೆ ನರ ಸರಿಯಿದೆ. ಬೆರಳು ಮಡಚುವ ರಜ್ಜುಗಳು ಎರಡು, ಆಳದ್ದು ಮತ್ತು ಮೇಲಿನದು. ಆಳದ ರಜ್ಜಿನ ಪರೀಕ್ಷೆಗೆ, ಬೆರಳಿನ ನಡುಭಾಗ ಒತ್ತಿ ಹಿಡಿದು ತುದಿಗೆಣ್ಣು ಮಡಚಲು ಹೇಳುವುದು. ಮೇಲಿನ ರಜ್ಜಿಗೆ, ಉಳಿದ ಬೆರಳುಗಳನ್ನು ನೆಟ್ಟಗೆ ಹಿಡಿದು ನಡುಗೆಣ್ಣು ಮಡಚಿಸುವುದು. ಆದರೆ ತೋರುಬೆರಳಿನಲ್ಲಿ ಈ ಕೊನೆಯ ಪರೀಕ್ಷೆಯನ್ನು ನಂಬುವಂತಿಲ್ಲ, ಏಕೆಂದರೆ ಅದರ ಆಳದ ರಜ್ಜು ಸ್ವತಂತ್ರವಾಗಿ ಎಳೆಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತಿರುಳಿನ ನಡುವೆ ಕಾಗದ ಹಿಡಿಸಿ, ತುದಿಗೆಣ್ಣನ್ನು ಸಡಿಲ ಬಿಟ್ಟು ನಡುಗೆಣ್ಣು ಮಡಚಿ ಒತ್ತಲು ಬರುತ್ತದೆಯೇ ಎಂದು ನೋಡುವುದು ವಾಸಿ. ರಜ್ಜು ತುಂಡಾಗಿದೆಯೆಂಬ ಅನುಮಾನವಿದ್ದರೆ ಚರ್ಮ ಮಾತ್ರ ಹೊಲಿದು ಕಳಿಸುವುದಕ್ಕಿಂತ, ಮುಚ್ಚಿ, ಸ್ಪ್ಲಿಂಟ್ (ಅಲುಗದಂತೆ ಹಿಡಿದಿಡುವ ಆಧಾರಪಟ್ಟಿ) ಹಾಕಿ, ಹುಬ್ಬಳ್ಳಿ ಅಥವಾ ಮಣಿಪಾಲದಂಥ ಊರಿನ ಕೈ ಶಸ್ತ್ರಚಿಕಿತ್ಸಕರ ಬಳಿ ಕಳಿಸಬೇಕು.

ಐದನೇ ದಿನ: ಒದ್ದೆ ಪಟ್ಟಿ

ರೋಗಿ ಐದನೇ ದಿನ ಬಂದಾಗ ಬ್ಯಾಂಡೇಜು ಮಣಿಕಟ್ಟಿನವರೆಗೆ ದಪ್ಪಗೆ ಸುತ್ತಿತ್ತು, ಒಳಗೆ ಒದ್ದೆ. ಕೊಟ್ಟಿಗೆ, ಪಾತ್ರೆ, ಸ್ನಾನ ಎಲ್ಲದರ ನೀರೂ ಅದರಲ್ಲಿ ಇಳಿದಿತ್ತು. ಬಿಚ್ಚಿದರೆ ಗಾಯದ ಅಂಚು ಬೆಳ್ಳಗೆ ಸುಕ್ಕಾಗಿ ಮೆತ್ತಗಾಗಿದೆ, ಎರಡು ಹೊಲಿಗೆಗಳ ನಡುವೆ 3 ಮಿ.ಮೀ. ಬಾಯಿ ಬಿಟ್ಟಿದೆ. ನಡುಗೆಣ್ಣಿನ ಸುತ್ತಳತೆ 6.9 ಸೆಂ.ಮೀ.; ಬಲಗೈಯದು 6.0. ಬೆರಳು 45 ಡಿಗ್ರಿ ಮಡಚಿದ ಸ್ಥಿತಿಯಲ್ಲಿ. ಉಳಿದ ಬೆರಳುಗಳನ್ನೂ ಸೇರಿಸಿ ಕಟ್ಟಿದ್ದರಿಂದ ಅವೂ ಬಿಗಿದಿದ್ದವು.

ಮೊದಲು ನೋಡಬೇಕಾದ್ದು ರಜ್ಜಿನ ಕೋಶದೊಳಗೆ (ರಜ್ಜು ಜಾರುವ ಹೊದಿಕೆಯೊಳಗೆ) ಕೀವು ಸೇರಿದೆಯೇ ಎಂದು. ಇದಕ್ಕೆ ಅಮೆರಿಕದ ಶಸ್ತ್ರಚಿಕಿತ್ಸಕ ಕನಾವೆಲ್ ಹೇಳಿದ ನಾಲ್ಕು ಲಕ್ಷಣಗಳಿವೆ: ಇಡೀ ಬೆರಳು ಒಂದೇ ಸಮ ಊದಿರುವುದು, ಅರೆಮಡಚಿ ನಿಂತಿರುವುದು, ರಜ್ಜಿನ ದಾರಿಯುದ್ದಕ್ಕೂ ಒತ್ತಿದರೆ ನೋವು, ಮತ್ತು ಬೇರೆಯವರು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ತಡೆಯಲಾಗದ ನೋವು. ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಈ ಕೊನೆಯದೇ. ಇವು ಇದ್ದರೆ ಅದೇ ದಿನ ಶಸ್ತ್ರಚಿಕಿತ್ಸಕರು ನೋಡಬೇಕು, ಮಾತ್ರೆ ಕೊಟ್ಟು ನಾಳೆ ನೋಡೋಣ ಎನ್ನುವಂತಿಲ್ಲ. ಈ ರೋಗಿಯ ಬೆರಳು ಊದಿತ್ತು, ಮಡಚಿತ್ತು, ಆದರೆ ರಜ್ಜಿನ ದಾರಿಯಲ್ಲಿ ನೋವಿರಲಿಲ್ಲ, ಬೆರಳು ನೆಟ್ಟಗೆ ಮಾಡಿದರೆ ಗಾಯದ ಜಾಗದಲ್ಲಷ್ಟೇ ಎಳೆತ. ಜ್ವರವಿರಲಿಲ್ಲ. ಒದ್ದೆಯಿಂದಾದ ತೊಂದರೆ, ಸೋಂಕಲ್ಲ.

ಮನೆಯಲ್ಲಿ ಮಾಡಿಕೊಳ್ಳಲು ಹೇಳಿದ ಕ್ರಮ ಹೀಗಿತ್ತು. ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಸಪಾಟಾಗಿ ತುಂಬಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು ಕರಗಿಸುವುದು. ತೋಟದ ಪೈಪಿನಲ್ಲಿ ಹಳ್ಳದಿಂದ ಬರುವ ನೀರಾದರೆ ಕುದಿಸದೆ ಬಳಸಲೇಬಾರದು. ಅಂಟಿಕೊಂಡ ಪಟ್ಟಿಯನ್ನು ಕಿತ್ತು ತೆಗೆಯದೆ ಈ ನೀರಿನಲ್ಲಿ ನೆನೆಸಿ ಬಿಡಿಸುವುದು. ಗಾಯ ತೊಳೆದು, ಒತ್ತಿ ಒರೆಸಿ, 5 ನಿಮಿಷ ಗಾಳಿಗೆ ಬಿಡುವುದು. ಗಾಯದ ಅಗಲಕ್ಕೆ ಕತ್ತರಿಸಿದ ಪ್ಯಾರಾಫಿನ್ ಗಾಜ್ (ಪ್ಯಾರಾಫಿನ್ ಸವರಿದ ಜಾಳು ಬಟ್ಟೆ) ಒಂದೇ ಪದರ. ಅದರ ಮೇಲೆ ಒಣ ಗಾಜ್. ಅದರ ಮೇಲೆ 2.5 ಸೆಂ.ಮೀ. ಅಗಲದ ರೋಲನ್ನು ತುದಿಯಿಂದ ಬುಡದ ಕಡೆಗೆ ಓರೆಯಾಗಿ ಸುತ್ತುವುದು. ಉಂಗುರದಂತೆ ಅಡ್ಡಡ್ಡ ಸುತ್ತಿದರೆ ಊತ ತುದಿಯಲ್ಲೇ ಉಳಿಯುತ್ತದೆ. ಉಗುರು ಕಾಣುತ್ತಿರಬೇಕು: ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಪಟ್ಟಿ ಎಷ್ಟು ತೆಳುವೆಂದರೆ ಬೆರಳು ಅದರೊಳಗೇ ಮಡಚಿ ಬಿಡಿಸಲು ಬರಬೇಕು. ದಿನಕ್ಕೊಮ್ಮೆ ಬದಲಿಸುವುದು, ಒದ್ದೆಯಾದರೆ ಆ ಕ್ಷಣವೇ. ಸ್ಪಿರಿಟ್ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಪೊವಿಡೋನ್ ಅಯೋಡಿನ್ ಸುತ್ತಲಿನ ಚರ್ಮಕ್ಕೆ ಸರಿ, ದಿನವೂ ಗಾಯದೊಳಗೆ ಸುರಿದರೆ ಹೊಸ ಅಂಗಾಂಶ ಬೆಳೆಯಲು ತಡೆ.

ಸೆರಗಿನಲ್ಲಿ ಕೈ ಜೋಲಿ ಕಟ್ಟಿಕೊಂಡು ಮಡಿಲಲ್ಲಿಟ್ಟುಕೊಳ್ಳುವುದನ್ನು ಬಿಡಿಸಿ, ಕುಳಿತಾಗ ಎರಡು ದಿಂಬಿನ ಮೇಲೆ, ನಡೆಯುವಾಗ ಎದುರು ಭುಜದ ಮೇಲೆ ಕೈ ಇಡಲು ಹೇಳಲಾಯಿತು. ರಾತ್ರಿಗೆ ಸ್ಪಂಜು ಹಚ್ಚಿದ ಅಲ್ಯೂಮಿನಿಯಂ ಬೆರಳು ಸ್ಪ್ಲಿಂಟ್, ನಡುಗೆಣ್ಣು ನೆಟ್ಟಗಿರುವಂತೆ. ಹಗಲು ಎಚ್ಚರವಿರುವ ಪ್ರತಿ 2 ಗಂಟೆಗೊಮ್ಮೆ ಐದು ಭಂಗಿಗಳ ವ್ಯಾಯಾಮ, 10 ಸಲ: ಎಲ್ಲ ಬೆರಳು ನೆಟ್ಟಗೆ; ಬುಡದ ಗೆಣ್ಣು ನೆಟ್ಟಗಿಟ್ಟು ಉಳಿದೆರಡನ್ನು ಕೊಕ್ಕೆಯಾಗಿಸಿ; ಪೂರ್ಣ ಮುಷ್ಟಿ; ಬುಡದ ಗೆಣ್ಣು ಮಾತ್ರ ಮಡಚಿ; ತುದಿಗೆಣ್ಣು ನೆಟ್ಟಗಿಟ್ಟ ಮುಷ್ಟಿ. ರಜ್ಜುಗಳು ಒಂದರ ಮೇಲೊಂದು, ಕೋಶದೊಳಗೆ, ಗಾಯಕ್ಕೆ ಅಂಟದೆ ಜಾರುತ್ತಿರಲಿ ಎಂಬುದು ಇದರ ಉದ್ದೇಶ. ರಜ್ಜು ಹೊಲಿದ ಕೈಗೆ ಈ ಕ್ರಮ ಖಂಡಿತ ಅಲ್ಲ, ಅದರ ನಿಯಮವೇ ಬೇರೆ.

ಅಂಚು ಮೆತ್ತಗಾಗಿದ್ದರಿಂದ ಹೊಲಿಗೆ ತೆಗೆದದ್ದು 14ನೇ ದಿನ. ಆಗ ನಡುಗೆಣ್ಣು ಪೂರ್ತಿ ನೆಟ್ಟಗಾಗಲು 10 ಡಿಗ್ರಿ ಬಾಕಿಯಿತ್ತು, ಅಷ್ಟೇ. ಎಲ್ಲ ಸರಿದಾರಿಯಲ್ಲಿತ್ತು.

ಹೊಲಿಗೆ ತೆಗೆದ ಮೇಲೆ

"ಹೊಲಿಗೆ ತೆಗೆದಾತಲ್ರೀ, ಇನ್ನೆಂತಕ್ಕೆ ಬರೂದು?" ಎನ್ನುವ ಮಾತು ಈ ಕಡೆ ದಿನವೂ ಕೇಳುತ್ತೇವೆ. ಅದರಲ್ಲಿ ಹಟವಿಲ್ಲ. ಕೊಯ್ಲಿನ ಹೊತ್ತು, ಶಿರಸಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಗಾಯ ಕಣ್ಣಿಗೆ ಮುಚ್ಚಿದೆ. ಆದರೆ ಮುಚ್ಚಿದ ಗಾಯ ಗಟ್ಟಿಯಾದ ಗಾಯವಲ್ಲ. ಮೂರು ವಾರಕ್ಕೆ ಅದಕ್ಕಿರುವ ಬಲ ಮಾಮೂಲಿ ಚರ್ಮದ ಸುಮಾರು ಐದರಲ್ಲಿ ಒಂದು ಪಾಲು. ಮೂರು ತಿಂಗಳಿಗೆ ಶೇ. 80 ಮುಟ್ಟಿದರೆ ಅದೇ ಗರಿಷ್ಠ. ಕಲೆ ಕುಗ್ಗುವ ಕೆಲಸ ಹುರುಪಿನಿಂದ ನಡೆಯುವುದೂ ಇದೇ ಅವಧಿಯಲ್ಲಿ. ಹೊಲಿಗೆ ತೆಗೆಯುವ ದಿನವೇ ಮುಂದಿನ ಎಂಟು ವಾರಗಳ ಕೆಲಸವನ್ನು ರೋಗಿಗೆ ಮಾಡಿ ತೋರಿಸಿ, ಮುಂದಿನ ದಿನಾಂಕ ಬರೆದು ಕೊಡದಿದ್ದರೆ ಅವರು ಬರುವುದಿಲ್ಲ. ಬಾರದವರನ್ನು ದೂರುವುದರಲ್ಲಿ ಅರ್ಥವಿಲ್ಲ.

ಈ ರೋಗಿಯೂ ಬರಲಿಲ್ಲ. ಸ್ಪ್ಲಿಂಟ್ ಮೂಲೆ ಸೇರಿತು. ಬೆರಳಿಗೆ ಬಟ್ಟೆ ಸುತ್ತಿ, ಅದನ್ನು ಮಡಚಿಯೇ ಇಟ್ಟುಕೊಂಡು ಸುಲಿಯಲು ಕುಳಿತರು. ಬಿಗಿ ಅನ್ನಿಸಿದಾಗ ನೋವಿನ ಮುಲಾಮು ತಿಕ್ಕಿ ಮೇಲೆ ಬಟ್ಟೆ ಕಟ್ಟಿದರು. ಎಳೆಯ ಕಲೆಯ ಚರ್ಮ ತೆಳು, ಅದಕ್ಕೆ ಮೆಂಥಾಲ್, ಕರ್ಪೂರದ ಖಾರ ತಡೆಯದು. ಗುಳ್ಳೆ ಎದ್ದು ಒಡೆಯಿತು. ಹೀಗೆ ಮತ್ತೆ ಮತ್ತೆ ಕೆರಳಿದ ಕಲೆ ಮತ್ತಷ್ಟು ದಪ್ಪವಾಯಿತು.

ಆರನೇ ವಾರದ ಪರೀಕ್ಷೆ

ನಡುಗೆಣ್ಣು 35 ಡಿಗ್ರಿಗಿಂತ ನೆಟ್ಟಗಾಗುತ್ತಿರಲಿಲ್ಲ, ತಾವೇ ಮಾಡಿದರೂ, ನಾವು ಮಾಡಿಸಿದರೂ. ಎಡಗೈ ಹಿಡಿತ 9 ಕಿಲೋ, ಬಲಗೈಯದು 22. ಕಲೆ ಕೆಂಪು, ಗಟ್ಟಿ, ಮುಟ್ಟಿದರೆ ಝುಮ್ಮೆನ್ನುವ ನೋವು. ಕಲೆಯನ್ನು ಅಳೆಯುವ ವ್ಯಾಂಕೂವರ್ ಅಳತೆಪಟ್ಟಿಯಲ್ಲಿ (ಅಂಕ ಹೆಚ್ಚಿದಷ್ಟೂ ಕಲೆ ಕೆಟ್ಟದ್ದು) ರಕ್ತವರ್ಣಕ್ಕೆ 2, ಬಣ್ಣಕ್ಕೆ 2, ಮೃದುತ್ವಕ್ಕೆ 5, ಎತ್ತರಕ್ಕೆ 1, ಒಟ್ಟು 10.

ಇಲ್ಲಿ ಆತುರ ಪಟ್ಟು ಬೆರಳನ್ನು ಎಳೆದು ನೆಟ್ಟಗೆ ಮಾಡಲು ಹೊರಡುವವರಿದ್ದಾರೆ. ಮೊದಲು ಹಿಡಿದಿರುವುದು ಯಾವುದು ಎಂದು ತಿಳಿಯಬೇಕು: ಚರ್ಮವೋ, ರಜ್ಜೋ, ಕೀಲೋ. ಮಣಿಕಟ್ಟು ಮತ್ತು ಬುಡದ ಗೆಣ್ಣು ಮಡಚಿ ನೋಡಿದಾಗ ನಡುಗೆಣ್ಣು ಹೆಚ್ಚು ಬಿಡಿಸಿಕೊಂಡರೆ ರಜ್ಜು ಎಲ್ಲೋ ಅಂಟಿದೆ. ಮಡಚಿದರೂ ಬಿಡಿಸಿದರೂ ಒಂದೇ ಅಳತೆಯಾದರೆ ತೊಡಕು ನಡುಗೆಣ್ಣಿನಲ್ಲೇ ಇದೆ. ಇಲ್ಲಿ ಎರಡೂ ಸ್ಥಿತಿಯಲ್ಲಿ 35. ಪೂರ್ಣ ಮುಷ್ಟಿ ಬರುತ್ತಿತ್ತು, ಅಂದರೆ ರಜ್ಜು ಜಾರುತ್ತಿದೆ. ಬಿಡಿಸುವ ಕೊನೆಯಲ್ಲಿ ಕಲೆ ಬೆಳ್ಳಗಾಗುತ್ತಿತ್ತು, ಅಂದರೆ ಚರ್ಮದ ಎಳೆತ. ಕೊನೆಯ ತಡೆ ಕಲ್ಲಿಗೆ ತಾಗಿದಂತಿರದೆ ತುಸು ಪುಟಿಯುತ್ತಿತ್ತು. ಅಂದರೆ ಕೀಲಿನ ಅಡಿಪೊರೆ (ಕೀಲಿನ ಅಂಗೈ ಬದಿಯ ಗಟ್ಟಿ ಪೊರೆ) ಇನ್ನೂ ಪೂರ್ತಿ ಬಿಗಿದಿಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ ಬಿಡಿಸಬಹುದು ಎಂಬ ತೀರ್ಮಾನಕ್ಕೆ ಈ ಪುಟಿತವೇ ಆಧಾರ.

ಸರಣಿ ಪ್ಲಾಸ್ಟರ್

ಕುಗ್ಗಿದ ಅಂಗಾಂಶ ಜೋರಾಗಿ ಎಳೆದರೆ ಹರಿಯುತ್ತದೆ, ಊದುತ್ತದೆ, ಮತ್ತೆ ಕುಗ್ಗುತ್ತದೆ. ಕಡಿಮೆ ಬಲದಲ್ಲಿ ಬಹಳ ಹೊತ್ತು ಹಿಡಿದಿಟ್ಟರೆ ಬೆಳೆದು ಉದ್ದವಾಗುತ್ತದೆ. ಇದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಷ್ಟು ಅಗ್ಗದ, ನಂಬಿಕಸ್ಥ ಸಾಧನ ಇನ್ನೊಂದಿಲ್ಲ. ದೊಡ್ಡ ಊರಿನ ಬೆಲೆಬಾಳುವ ಸ್ಪ್ರಿಂಗ್ ಸ್ಪ್ಲಿಂಟ್ ಸಿಗಲಿಲ್ಲವೆಂದು ಕೈಚೆಲ್ಲಬೇಕಿಲ್ಲ.

ಮೊದಲು ಕೈಯನ್ನು 10 ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು, ಕಲೆಯನ್ನು ನೀವಿ, ಬೆರಳನ್ನು ಪೂರ್ತಿ ಮಡಚಿ ಬಿಡಿಸಿ ಅಳತೆ ತೆಗೆದುಕೊಳ್ಳಬೇಕು. ಪ್ಲಾಸ್ಟರ್ ರೋಲಿನಿಂದ 2.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿಟ್ಟುಕೊಳ್ಳಬೇಕು. ಚರ್ಮಕ್ಕೆ ತೆಳುವಾಗಿ ವ್ಯಾಸಲೀನ್, ಮೇಲೆ ಒಂದೇ ಪದರ ಗಾಜ್. ಹತ್ತಿ ತುಂಬಿದರೆ ಬೆರಳು ಒಳಗೇ ಮಡಚಿಕೊಳ್ಳುತ್ತದೆ. ಪಟ್ಟಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಬುಡದಿಂದ ತುದಿಗೆ ಎರಡು ಮೂರು ಪದರ ಸುತ್ತಬೇಕು. ಎಳೆದು ಸುತ್ತಬಾರದು. ಬುಡದ ಗೆಣ್ಣು ಆಡುತ್ತಿರಬೇಕು, ಉಗುರು ಕಾಣುತ್ತಿರಬೇಕು. ಆಮೇಲೆ ಬೆರಳು ತಾನಾಗಿ ಬರುವ ಕೊನೆಯವರೆಗೆ ಬಿಡಿಸಿ, ಅಂಗೈಯ ಅಗಲವಾದ ಭಾಗದಿಂದ ಆಧಾರ ಕೊಟ್ಟು, 3ರಿಂದ 5 ನಿಮಿಷ ಅಲುಗದೆ ಹಿಡಿಯಬೇಕು. ಬೆರಳ ತುದಿಯಿಂದ ಒತ್ತಿ ಹಿಡಿದರೆ ಪ್ಲಾಸ್ಟರಿನಲ್ಲಿ ತಗ್ಗು ಬೀಳುತ್ತದೆ, ಆ ತಗ್ಗಿನ ಕೆಳಗೆ ಹುಣ್ಣಾಗುತ್ತದೆ. ಹೆಚ್ಚಾಗಿ ಗೆಣ್ಣಿನ ಬೆನ್ನ ಮೇಲೆ ಹುಣ್ಣು ಬೀಳುವುದು ಹೀಗೆಯೇ.

ಹಳೆಯದನ್ನು ಬಿಚ್ಚಿ, ಬೆರಳು ಬಿಡಿಸಿಕೊಂಡಷ್ಟಕ್ಕೆ ಹೊಸ ಪ್ಲಾಸ್ಟರ್ ಹಾಕುತ್ತ ಹೋಗುವುದರಿಂದ ಇದು ಸರಣಿ. ಬದಲಾವಣೆ ವಾರಕ್ಕೆ ಎರಡು ಬಾರಿ. ಬಿಚ್ಚಲು ಗರಗಸ ಬೇಡ, ಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಇದನ್ನು ರೋಗಿಗೂ ಕಲಿಸಿರಬೇಕು: ತುದಿ ನೀಲಿಗಟ್ಟಿದರೆ, ಬಿಳಿಚಿದರೆ, ಜೋಮು ಹಿಡಿದರೆ, ಅಥವಾ ಕೈ ಎತ್ತಿಟ್ಟರೂ ಅರ್ಧ ಗಂಟೆಯಲ್ಲಿ ಮಿಡಿಯುವ ನೋವು ಕಡಿಮೆಯಾಗದಿದ್ದರೆ ರಾತ್ರಿಯಾದರೂ ಸರಿ, ಮನೆಯಲ್ಲೇ ನೆನೆಸಿ ತೆಗೆದುಬಿಡಬೇಕು. ಪ್ರತಿ ಬಾರಿ ಬಿಚ್ಚಿದಾಗಲೂ ಮುಷ್ಟಿ ಬರುತ್ತದೆಯೇ ಎಂದು ನೋಡಲೇಬೇಕು. ಬೆರಳು ನೆಟ್ಟಗಾಗಿ ಮಡಚುವುದು ಹೋದರೆ ಅದು ಇನ್ನೂ ಕೆಟ್ಟದ್ದು. ಹಿಡಿತವೆಲ್ಲ ಇರುವುದು ಮಡಚುವುದರಲ್ಲೇ.

ಈ ರೋಗಿಯಲ್ಲಿ 35 ಇದ್ದದ್ದು ಮೊದಲ ವಾರದ ಕೊನೆಗೆ 22, ಎರಡನೆಯ ವಾರಕ್ಕೆ 14, ಮೂರನೆಯ ವಾರಕ್ಕೆ 9 ಡಿಗ್ರಿಗೆ ಇಳಿಯಿತು. ಒಮ್ಮೆ ಸ್ನಾನದಲ್ಲಿ ಪ್ಲಾಸ್ಟರ್ ಮೆತ್ತಗಾಗಿ ಎರಡು ದಿನ ಬೆರಳು ಮತ್ತೆ ಮಡಚಿಕೊಂಡಿತ್ತು. ಎರಡೇ ಬದಲಾವಣೆಯ ನಡುವೆ ಅಳತೆ ಕದಲದೆ ನಿಂತರೆ ಗಾಬರಿ ಬೇಡ. ಎರಡು ವಾರ ಕದಲದಿದ್ದರೆ ಪ್ಲಾಸ್ಟರಿನಿಂದ ಬರುವುದು ಬಂದಾಯಿತು ಎಂದು ತಿಳಿಯಬೇಕು.

ನೀವುವುದು, ಸಿಲಿಕೋನ್, ಅಕ್ಕಿ

ಪ್ಲಾಸ್ಟರ್ ಮುಗಿದ ಮೇಲೆ ರಾತ್ರಿಗೆ 1.6 ಮಿ.ಮೀ. ದಪ್ಪದ ಥರ್ಮೋಪ್ಲಾಸ್ಟಿಕ್ (ಬಿಸಿ ಮಾಡಿದರೆ ಬಾಗುವ ಪ್ಲಾಸ್ಟಿಕ್) ಸ್ಪ್ಲಿಂಟ್, ಅದರಡಿ ಸಿಲಿಕೋನ್ ಹಾಳೆ. ಹಗಲಿಗೆ ನೀವುವುದು ಮತ್ತು ವ್ಯಾಯಾಮ.

ನೀವುವುದು ಎಂದರೆ ಎಣ್ಣೆ ಸವರುವುದಲ್ಲ. ಬೆರಳು ಚರ್ಮದ ಮೇಲೆ ಜಾರಬಾರದು. ಚರ್ಮವೇ ಅಡಿಯ ಅಂಗಾಂಶದ ಮೇಲೆ ಸರಿಯಬೇಕು. ಒತ್ತಡ ಎಷ್ಟೆಂದರೆ ಕಲೆ ಬೆಳ್ಳಗಾಗಬೇಕು, ಒತ್ತುವ ಉಗುರೂ ಬೆಳ್ಳಗಾಗಬೇಕು. ಮೊದಲು ಸಣ್ಣ ಸುತ್ತು, ಆಮೇಲೆ ಕಲೆಗೆ ಅಡ್ಡ, ಆಮೇಲೆ ಉದ್ದಕ್ಕೆ, ಕೊನೆಗೆ ಚಿವುಟಿ ಎತ್ತಿ ಹೊರಳಿಸುವುದು. ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ನಾಲ್ಕು ಸಲ. ಮನೆಯ ಕೊಬ್ಬರಿ ಎಣ್ಣೆ ಎರಡು ಹನಿ ಸಾಕು, ಹೆಚ್ಚಾದರೆ ಹಿಡಿತ ತಪ್ಪುತ್ತದೆ. ವಿಟಮಿನ್ ಇ ಎಣ್ಣೆ ಕೆಲವರಿಗೆ ತುರಿಕೆ ತರುತ್ತದೆ, ಅದರಿಂದ ಕಲೆ ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಚರ್ಮ ಒಡೆದಿದ್ದರೆ, ಗುಳ್ಳೆಯಿದ್ದರೆ, ನೀವಿದ ಮರುದಿನವೂ ಕೆಂಪು ಇಳಿಯದಿದ್ದರೆ ನಿಲ್ಲಿಸಬೇಕು.

ಸಿಲಿಕೋನ್ ಹಾಳೆ ದಿನಕ್ಕೆ 12 ಗಂಟೆಯಾದರೂ, ಕಡಿಮೆಯೆಂದರೆ ಮೂರು ತಿಂಗಳು ಇರಬೇಕು. ಮೊದಲ ದಿನ 2 ಗಂಟೆ, ದಿನವೂ ಎರಡು ಗಂಟೆ ಹೆಚ್ಚಿಸುತ್ತ ಹೋದರೆ ಚರ್ಮ ಒಗ್ಗುತ್ತದೆ. ಕಲೆಗಿಂತ ಸುತ್ತಲೂ ಅರ್ಧ ಸೆಂ.ಮೀ. ದೊಡ್ಡದು ಕತ್ತರಿಸಬೇಕು. ನೀವಿದ ಎಣ್ಣೆಯನ್ನು ಸೋಪಿನಿಂದ ತೊಳೆಯದೆ ಹಚ್ಚಿದರೆ ನಿಲ್ಲುವುದಿಲ್ಲ. ಹಾಳೆಯನ್ನು ದಿನವೂ ತೊಳೆದು, ಒರೆಸದೆ ಗಾಳಿಗೆ ಒಣಗಿಸಬೇಕು. ಜೂನ್ ಬಂದ ಮೇಲೆ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಆಗ ಎರಡು ತುಂಡು ಇಟ್ಟುಕೊಂಡು ಸರದಿಯಲ್ಲಿ ಬಳಸುವುದು, ಇಲ್ಲವೇ ಟ್ಯೂಬಿನ ಸಿಲಿಕೋನ್ ಜೆಲ್‌ಗೆ ಬದಲಾಯಿಸುವುದು. ಜೆಲ್ ದಿನಕ್ಕೆರಡು ಸಲ, ತೀರಾ ತೆಳುವಾಗಿ. ಐದು ನಿಮಿಷದಲ್ಲಿ ಒಣಗದಿದ್ದರೆ ಹಚ್ಚಿದ್ದು ಹೆಚ್ಚಾಯಿತು. ತೆರೆದ ಗಾಯಕ್ಕೆ ಎರಡೂ ಸಲ್ಲ.

ಮುಟ್ಟಿದರೆ ಝುಮ್ಮೆನ್ನುವುದು ಬೆರಳನ್ನು ಬಳಸದಿರಲು ದೊಡ್ಡ ಕಾರಣ. ಹತ್ತಿ, ಹಳೆ ಸೀರೆ, ಒರಟು ಟವೆಲ್ ಹೀಗೆ ಮೃದುವಿನಿಂದ ಒರಟಿಗೆ ಉಜ್ಜಿ ಒಗ್ಗಿಸಬೇಕು. ಪಾತ್ರೆಯಲ್ಲಿ ರಾಗಿ, ಆಮೇಲೆ ಅಕ್ಕಿ, ಆಮೇಲೆ ಹುರುಳಿ ತುಂಬಿ ಕೈಯಾಡಿಸುವುದು ಈ ರೋಗಿಗೆ ಬಹಳ ಹಿಡಿಸಿತು. 5 ನಿಮಿಷ, ದಿನಕ್ಕೆ ಮೂರು ಸಲ. ಮೂರು ವಾರದಲ್ಲಿ ಒಲ್ಲೆನ್ನದೆ ಬೆರಳಿನಿಂದ ಒಗ್ಗರಣೆ ಸೌಟು ಹಿಡಿಯುವಂತಾದರು.

ಕರಾವಳಿಗೆ ಬೇರೆ ಎಚ್ಚರ

ಇದೇ ಗಾಯ ಕಾರವಾರ, ಅಂಕೋಲಾ, ಹೊನ್ನಾವರದ ಮೀನು ಕೆಲಸದವರಿಗೆ, ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರಿಗೆ ಆದರೆ ಲೆಕ್ಕ ಬದಲಾಗುತ್ತದೆ. ಉಪ್ಪುನೀರು ಒಳ್ಳೆಯದೆಂದು ಗಾಯವನ್ನು ಸಮುದ್ರದಲ್ಲಿ ಅದ್ದುವುದು ಅಪಾಯ. ಬೆಚ್ಚಗಿನ ಸಮುದ್ರ, ಅಳಿವೆಯ ನೀರಿನಲ್ಲಿರುವ ವಿಬ್ರಿಯೊ ಜಾತಿಯ ಕೆಲವು ಬ್ಯಾಕ್ಟೀರಿಯಾ ಗಂಟೆಗಳಲ್ಲೇ ಹರಡಿ ಗುಳ್ಳೆ, ಕಪ್ಪುಗಟ್ಟುವಿಕೆ, ಜ್ವರ ತರಬಲ್ಲವು. ಯಕೃತ್ತಿನ ಕಾಯಿಲೆ, ಮಧುಮೇಹ ಇದ್ದವರಲ್ಲಿ ಪ್ರಾಣಕ್ಕೇ ಕುತ್ತು. ಇನ್ನೊಂದು ತದ್ವಿರುದ್ಧ: ಮೀನಿನ ಮುಳ್ಳು ಚುಚ್ಚಿದ ಜಾಗದಲ್ಲಿ ವಾರಗಳ ಮೇಲೆ ನೋವಿಲ್ಲದ ಗಂಟು, ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ, ಕೆಲವೊಮ್ಮೆ ತೋಳಿನ ಕಡೆಗೆ ಸಾಲಾಗಿ ಏರುತ್ತದೆ. ಇದು ಕ್ಷಯದ ಬ್ಯಾಕ್ಟೀರಿಯಾದ ನೆಂಟ, ಮೈಕೋಬ್ಯಾಕ್ಟೀರಿಯಂ ಮರೈನಂ. ವೈದ್ಯರಿಗೆ ಮೀನು, ಉಪ್ಪುನೀರಿನ ವಿಷಯ ಹೇಳದಿದ್ದರೆ ಅವರು ಅದನ್ನು ಹುಡುಕುವುದೇ ಇಲ್ಲ.

ಆರು ತಿಂಗಳಿಗೆ

ನಡುಗೆಣ್ಣು ಪೂರ್ತಿ ನೆಟ್ಟಗಾಗಲು 5 ಡಿಗ್ರಿ ಮಾತ್ರ ಬಾಕಿ, ಪೂರ್ಣ ಮುಷ್ಟಿ, ಎಡಗೈ ಹಿಡಿತ 19 ಕಿಲೋ. ಅಳತೆಪಟ್ಟಿಯಲ್ಲಿ ಕಲೆ 10ರಿಂದ 4ಕ್ಕೆ ಇಳಿದಿತ್ತು. ಉಳಿದದ್ದು ಹೆಚ್ಚಾಗಿ ಬಣ್ಣ. ಬಣ್ಣ ಒಂದು ವರ್ಷದವರೆಗೆ ಬದಲಾಗುತ್ತಲೇ ಇರುತ್ತದೆ, ಅದರ ಹಿಂದೆ ಬೀಳಬೇಕಾಗಿಲ್ಲ.

ಇಷ್ಟು ಬಾರದಿದ್ದರೆ ಏನು ಎಂಬುದನ್ನೂ ರೋಗಿಗೆ ಮೊದಲೇ ಹೇಳಲಾಗಿತ್ತು. ಕಲೆ ಉಬ್ಬಿ ಕೆಂಪಾಗಿಯೇ ಉಳಿದರೆ ತಜ್ಞರು ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು 4ರಿಂದ 6 ವಾರಕ್ಕೊಮ್ಮೆ ಕಲೆಯೊಳಗೇ ಕೊಡುತ್ತಾರೆ. ಬೆರಳು ಮಡಚಿಯೇ ನಿಂತರೆ, ಕಲೆ ಮಾಗಿದ ಮೇಲೆ ಝಡ್ ಪ್ಲಾಸ್ಟಿ: ನೇರ ಕಲೆಯ ಎರಡೂ ಬದಿ 60 ಡಿಗ್ರಿ ಕೋನದ ತ್ರಿಕೋನ ಚರ್ಮ ಬಿಡಿಸಿ ಅದಲು ಬದಲು ಮಾಡುವುದು. ಲೆಕ್ಕದಲ್ಲಿ ಇದರಿಂದ ಉದ್ದ ಶೇ. 75 ಹೆಚ್ಚುತ್ತದೆ, ಬೆರಳಿನ ಮೇಲೆ ಅದಕ್ಕಿಂತ ಕಡಿಮೆ. ಕತ್ತಿ ಎಳೆದ ನೇರ ಗೆರೆಯನ್ನು ಅಂಕುಡೊಂಕು ಮಾಡುವ ಕೆಲಸವದು.

ಮುಂದಿನ ಕೊಯ್ಲಿಗೆ ಸುಲಿಯಲು ಕೂರುವ ಮೊದಲು ಒಪ್ಪಿಸಿದ ನಿಯಮಗಳು ಸರಳ. ಮೊದಲ ವಾರ ದಿನಕ್ಕೆ ಒಂದು ಗಂಟೆ, ವಾರಕ್ಕೊಂದು ಗಂಟೆ ಹೆಚ್ಚು. ಎಡಗೈ ತೋರುಬೆರಳಿಗೆ ಒಳಬದಿ ಒಣಗಿರುವ ದಪ್ಪ ರಬ್ಬರಿನ ಬೆರಳುಚೀಲ, ಒದ್ದೆಯಾದರೆ ಬದಲಿಸುವುದು. ಪ್ರತಿ ಅರ್ಧ ಗಂಟೆಗೆ ಕತ್ತಿ ಬಿಟ್ಟು ಬೆರಳು ಬಿಡಿಸುವುದು. ರಾತ್ರಿ ಸ್ಪ್ಲಿಂಟನ್ನು ಒಮ್ಮೆಲೇ ಬಿಡಬಾರದು: ಮೊದಲು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಎರಡು ವಾರ, ಆಮೇಲೆ ವಾರಕ್ಕೆ ಎರಡು ರಾತ್ರಿ, ಮತ್ತೆರಡು ವಾರ. ಬೆಳಿಗ್ಗೆ ಎದ್ದು ಅಂಗೈಯನ್ನು ಮೇಜಿನ ಮೇಲಿಟ್ಟಾಗ ನಡುಗೆಣ್ಣಿನಡಿ ಹಿಂದಿನ ದಿನಕ್ಕಿಂತ ಹೆಚ್ಚು ಸಂದು ಕಂಡರೆ ದಿನವೂ ಹಾಕುವ ಕ್ರಮಕ್ಕೆ ಮರಳಿ, ಅದೇ ವಾರ ತೋರಿಸಲು ಬರುವುದು.